ಹಾಡಿನೊಳಗೊಂದು ಆಡು

"ನನಗೆ ಹದಿನೇಳು ವರ್ಷ ಎಂದು ನನ್ನ ಮೊಬೈಲು ನಂಬಿಕೊಂಡುಬಿಟ್ಟಿದೆ" ಎಂದು ಮಾಷ್ಟ್ರು ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸುತ್ತಲೇ ದೂರು ಕೊಟ್ಟರು. ಅವರಿಗೆ ಎಪ್ಪತ್ತೆರಡು.

ಆಟಿ ತಿಂಗಳ ಮಳೆ. ಕಾಸರಗೋಡಿನ ಸೀತಾಂಗೋಳಿಯಿಂದ ಸ್ವಲ್ಪ ಒಳಗಿರುವ ನಮ್ಮ ಮನೆಯಲ್ಲಿ ಬೆಳಗ್ಗೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ. ಮೊಗ್ರಾಲಿನ ಇಬ್ರಾಯಿಚ್ಚ ನನ್ನ ಅಡಿಕೆಗೆ ದರ ಹೇಳಲು ಬಂದವರು, ಅದನ್ನು ಹೇಳದೆ ಎರಡು ಲೋಟ ಚಹಾ ಕುಡಿದಿದ್ದರು. ಮಾಷ್ಟ್ರ ಹಿಂದೆಯೇ ಅವರ ಮೊಮ್ಮಗ ಬಂದ. ಪ್ಲಸ್ ಟು ಓದುತ್ತಿದ್ದಾನೆ. ಎರಡೂ ಕಿವಿಯಲ್ಲಿ ಬಿಳಿಯ ಬಿರಡೆ.

"ಬೆಳಗ್ಗೆ ಐದಕ್ಕೆ ಸುಪ್ರಭಾತ ಹಾಕಿದೆ. ಅದು ಮುಗಿದದ್ದೇ ತಡ, ಯಾವನೋ ಹುಡುಗ ಮಲೆಯಾಳದಲ್ಲಿ ನನ್ನನ್ನು ಬೈಯಲು ಶುರುಮಾಡಿದ. ದೇವರ ಕೋಣೆಯಲ್ಲಿ, ಮಾರಾಯರೇ!"

"ಅಜ್ಜ, ಅದು ಬೈಗುಳವಲ್ಲ, ರ‍್ಯಾಪ್" ಎಂದ ಮೊಮ್ಮಗ, ಒಂದು ಬಿರಡೆ ತೆಗೆದು.

"ತಾಳಕ್ಕೆ ಸರಿಯಾಗಿ ಬೈದರೂ ಬೈಗುಳ ಬೈಗುಳವೇ."

ನಡೆದದ್ದು ಇಷ್ಟು: ಹುಡುಗನ ಮೊಬೈಲು ನೀರಿಗೆ ಬಿದ್ದು ಹದಿನೈದು ದಿನ ರಿಪೇರಿಯಲ್ಲಿತ್ತು. ಅಷ್ಟು ದಿನ ಅವನು ಅಜ್ಜನ ಮೊಬೈಲಿನಲ್ಲಿ ಹಾಡು ಕೇಳಿದ. ಹೊಸ ಮೊಬೈಲು ಬಂದ ಮೇಲೆ ಅದರಲ್ಲೂ ಅಜ್ಜನ ಖಾತೆಯನ್ನೇ ಹಾಕಿಕೊಂಡ. ಈಗ ಯಂತ್ರದ ಲೆಕ್ಕದಲ್ಲಿ ಅಜ್ಜ, ಮೊಮ್ಮಗ ಇಬ್ಬರೂ ಸೇರಿ ಒಬ್ಬ ಮನುಷ್ಯ. ಆ ಮನುಷ್ಯ ಮುಂಜಾನೆ ವಿಷ್ಣುಸಹಸ್ರನಾಮ ಕೇಳುತ್ತಾನೆ, ಮಧ್ಯಾಹ್ನ ಕೊರಿಯಾದ ಹುಡುಗಿಯರ ಕುಣಿತ ನೋಡುತ್ತಾನೆ, ರಾತ್ರಿ ಹತ್ತಕ್ಕೆ ವೇಷವಿಲ್ಲದ ಯಕ್ಷಗಾನವಾದ ತಾಳಮದ್ದಲೆಗೆ ಕೂರುತ್ತಾನೆ. ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರಲ್ಲ, ಆ ಜಾತಿಯವನು.

"ಯಂತ್ರವನ್ನೇ ಯಾಕೆ ದೂರುತ್ತೀರಿ?" ಎಂದೆ. "ಕಾಸರಗೋಡಿನವರ ತಲೆಬುಡ ಮನುಷ್ಯರಿಗೇ ತಿಳಿಯುವುದಿಲ್ಲ." ನಮ್ಮದು ಸಪ್ತಭಾಷೆಗಳ ನಾಡೆಂದು ಭಾಷಣದಲ್ಲಿ ಹೇಳಿಕೊಳ್ಳುವುದು ಸುಲಭ. ಮೊಬೈಲಿಗೆ ಅದು ಪೀಕಲಾಟ. ಇರುವ ಜಾಗ ಕೇರಳವೆಂದು ಗೊತ್ತುಮಾಡಿಕೊಂಡು ಮಲೆಯಾಳ ಹಾಡು ಬಡಿಸುತ್ತದೆ. ನಾನು ಕನ್ನಡ ಭಾವಗೀತೆ ಹುಡುಕಿದರೆ, ಇವನು ಬೆಂಗಳೂರಿನವನೇ ಇರಬೇಕೆಂದು ಅಲ್ಲಿನ ಫ್ಲಾಟಿನ ಜಾಹೀರಾತು ಹಾಕುತ್ತದೆ. ತುಳು ಹಾಡು ಕೇಳಿದ ದಿನ ಮಂಗಳೂರಿನ ಚಿನ್ನದಂಗಡಿ. ನನ್ನ ಅಡಿಕೆಯ ದುಡ್ಡಿಗೆ ಇವೆರಡೂ ಎಟುಕುವುದಿಲ್ಲ ಎಂಬುದೊಂದು ಮಾತ್ರ ಅದಕ್ಕೆ ಇನ್ನೂ ತಿಳಿದಿಲ್ಲ.

ಆಗ ನಾನು ಎಂದೋ ಓದಿದ್ದೊಂದನ್ನು ಜಗಲಿಯ ನಡುವೆ ಇಟ್ಟೆ. 2018ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಲೆಕ್ಕ ಅದು. ಹಾಡು ಕೇಳುವ ಆ್ಯಪ್ ಆದ ಸ್ಪಾಟಿಫೈಯಲ್ಲಿ ಯಾವ ವಯಸ್ಸಿನವರು ಯಾವ ವರ್ಷದ ಹಾಡು ಕೇಳುತ್ತಾರೆಂದು ಜಾಲಾಡಿ ನೋಡಿದ್ದರು. ಗಂಡಸರ ರುಚಿ ಗಟ್ಟಿಯಾಗುವುದು 13ರಿಂದ 16ರ ವಯಸ್ಸಿನಲ್ಲಿ ಬಂದ ಹಾಡುಗಳಿಂದ, ಹೆಂಗಸರದು 11ರಿಂದ 14ರೊಳಗೆ ಬಂದವುಗಳಿಂದ ಎಂದು ಅದರಲ್ಲಿತ್ತು.

"ಅಲ್ಲಿಯೂ ಗಂಡಸರು ಎರಡು ವರ್ಷ ತಡವೇ?" ಎಂದು ಹಲಸಿನ ಹಪ್ಪಳದ ತಟ್ಟೆ ಹಿಡಿದು ಬಂದ ನನ್ನ ಹೆಂಡತಿ ಕೇಳಿದಳು. ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ನನಗೆ ಹದಿನಾಲ್ಕು ತುಂಬಿದ್ದು 1984ರಲ್ಲಿ, ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದ ವರ್ಷ. ಊರಿನ ಹಿರಿಯರಿಗೆ ನೆನಪಿರುವುದು ಆ ಜಿಲ್ಲೆ, ನನಗೆ ನೆನಪಿರುವುದು ಡಿಸ್ಕೊ. ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಮುಂದಿನ ಸಾಲಿನಲ್ಲೇ ಕುಳಿತು ತಲೆದೂಗುವವನು ನಾನು. ಆದರೆ ತೋಟದಲ್ಲಿ ಯಾರೂ ಇಲ್ಲದಾಗ ಬಾಯಿಗೆ ಬರುವುದು ಢಂ ಢಂ ಎನ್ನುವ ಆ ಸರಕೇ. ಇದನ್ನು ಒಪ್ಪಿಕೊಂಡಾಗ ಮಾಷ್ಟ್ರು ನನ್ನನ್ನು ನೋಡಿದ ನೋಟ, ಲೆಕ್ಕದಲ್ಲಿ ಸೊನ್ನೆ ತೆಗೆದ ಮಗುವನ್ನು ನೋಡಿದ ಹಾಗಿತ್ತು.

"ನಮಗೆಲ್ಲ ಆರಿಸುವ ಅಧಿಕಾರವೇ ಇರಲಿಲ್ಲ" ಎಂದರು ಅವರು. ಅವರ ಬಾಲ್ಯ ಕಳೆದದ್ದು ಕುಂಬಳೆಯಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಯಕ್ಷಗಾನ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳೇ ಕುಳಿತು ಭಾಗವತಿಕೆ ಮಾಡಿದ್ದನ್ನೂ ಅವರು ಕೇಳಿದ್ದಾರೆ. ಹೌದು, ಸಂವಿಧಾನದ ಮೂಲ ರಚನೆಯನ್ನು ಬದಲಿಸುವಂತಿಲ್ಲ ಎಂದ ಸುಪ್ರೀಂ ಕೋರ್ಟಿನ 1973ರ ತೀರ್ಪಿನಿಂದ ದೇಶದ ವಕೀಲರೆಲ್ಲರಿಗೂ ಹೆಸರು ಬಾಯಿಪಾಠವಾಗಿರುವ ಅದೇ ಸ್ವಾಮಿಗಳು. ವಕೀಲರಿಗೆ ಹಾಡಿನ ಸುದ್ದಿ ಗೊತ್ತಿರಲಿಕ್ಕಿಲ್ಲ. ಇನ್ನು ತೆಂಕಣ ಗಾಳಿ ಬೀಸಿದರೆ ಮೊಗ್ರಾಲಿನ ಮದುವೆ ಮನೆಯಿಂದ ಮಾಪಿಳ್ಳೆ ಪಾಟ್ಟು, ಮಲಬಾರಿನ ಮುಸ್ಲಿಮರ ಹಾಡು. ಇಶಲ್ ಎಂದರೆ ಆ ಹಾಡುಗಳ ಧಾಟಿ; ಮೊಗ್ರಾಲಿಗೆ ಇಶಲ್ ಗ್ರಾಮವೆಂದೇ ಹೆಸರು, ಅಲ್ಲಿ ಹಾಡಿಗೇನು ಬರ! ತೆಂಗಿನ ಮರಕ್ಕೆ ಕಟ್ಟಿದ ಧ್ವನಿವರ್ಧಕದ ತುತ್ತೂರಿಗೆ ಮಲೆಯಾಳದಲ್ಲಿ ಕೋಳಾಂಬಿ ಎನ್ನುತ್ತಾರೆ. ಪೀಕದಾನಿಗೂ ಅದೇ ಹೆಸರು. ಎರಡನ್ನೂ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

"ವಯಸ್ಸೂ ಇಲ್ಲ, ಅಂತರ್ಜಾಲವೂ ಇಲ್ಲ. ನನ್ನ ರುಚಿಯನ್ನು ತೀರ್ಮಾನಿಸಿದ್ದು ಗಾಳಿ" ಎಂದ ಮಾಷ್ಟ್ರು, ಸಾಕ್ಷಿಗೆಂದು ಹುಡುಗುತನದಲ್ಲಿ ಕೇಳಿದ ಒಂದು ಮಾಪಿಳ್ಳೆ ಪಾಟ್ಟಿನ ಸಾಲನ್ನು ಕಣ್ಣುಮುಚ್ಚಿ ಹಾಡಿಯೇಬಿಟ್ಟರು.

ಇಬ್ರಾಯಿಚ್ಚ ಹಪ್ಪಳವನ್ನು ಬಾಯಿಯ ಹತ್ತಿರವೇ ತಡೆದು ಹಿಡಿದು ಕೇಳಿದರು. "ರಾಗ ಸರಿ ಮಾಷ್ಟ್ರೇ. ಅದು 'ಮದುಮಗಳು ಬಂದಳು' ಎಂದಾಗಬೇಕು. ನೀವು ಹಾಡಿದ್ದು ಯಾವ ಭಾಷೆಯಲ್ಲೂ ಇಲ್ಲ."

"ಅರುವತ್ತು ವರ್ಷದಿಂದ ಹೀಗೆಯೇ ಹಾಡುತ್ತಿದ್ದೇನಲ್ಲ?"

"ಗಾಳಿಯಲ್ಲಿ ಅಷ್ಟೇ ಬಂದಿರಬೇಕು."

ಹುಡುಗನಿಗೆ ನಗು ತಡೆಯಲಾಗಲಿಲ್ಲ. ಅದನ್ನು ಮುಚ್ಚಲು ತನ್ನ ಕಾಲದ ವಿಷಯ ತೆಗೆದ. ಈಗಿನ ಹಾಡು ಕೂಡಲೇ ಹಿಡಿದುಕೊಳ್ಳಬೇಕಂತೆ. ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಅದು ಒಂದು ಕೇಳುವಿಕೆಯೆಂದು ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಮೊದಲೇ ಜನ ಬೆರಳಾಡಿಸಿ ಮುಂದೆ ಹೋದರೆ ಹಾಡಿದವನಿಗೆ ಬಿಡಿಕಾಸಿಲ್ಲ.

"ಮೂವತ್ತು ಸೆಕೆಂಡಿನಲ್ಲಿ ನಮ್ಮ ಭಾಗವತರು ಗಂಟಲು ಸರಿಮಾಡಿಕೊಂಡು ಮುಗಿಸುವುದಿಲ್ಲ" ಎಂದರು ಮಾಷ್ಟ್ರು. ಆದರೆ ಅವರಲ್ಲಿ ಒಂದು ನ್ಯಾಯವಿದೆ, ತಮ್ಮ ಪಕ್ಷದ ವಿರುದ್ಧದ ಸಾಕ್ಷಿಯನ್ನೂ ತಾವೇ ಕೊಡುತ್ತಾರೆ. "ಹಾಗೆ ನೋಡಿದರೆ 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದ್ದೂ ಗ್ರಾಮಫೋನ್ ಯಂತ್ರದ ಅಳತೆಗೇ. ಗಂಟೆಗಟ್ಟಲೆ ಹಾಡುವುದನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಗೆ ತನ್ನ ಹೆಸರನ್ನೂ ಇಂಗ್ಲಿಷಿನಲ್ಲಿ ಕೂಗಿ ಹೇಳಬೇಕಾಗಿತ್ತು. ತಟ್ಟೆಯಲ್ಲಿ ಇದ್ದದ್ದೇ ಅಷ್ಟು ಜಾಗ."

"ಹೆಸರನ್ನು ಈಗಿನವರು ಮೊದಲೇ ಕೂಗುತ್ತಾರೆ ಅಜ್ಜ" ಎಂದ ಹುಡುಗ. ಮೆಲ್ಲನೆ ಇನ್ನೊಂದನ್ನೂ ಸೇರಿಸಿದ. "ನೀವು ಕೇಳುವ ತಾಳಮದ್ದಲೆ ನನ್ನ ಮೊಬೈಲಿಗೂ ಬರುತ್ತದೆ. ಮೊನ್ನೆ ಬಸ್ಸಿನಲ್ಲಿ ಗೆಳೆಯರ ಎದುರೇ ಬಂದು ಮರ್ಯಾದೆ ಹೋಯಿತು. ಆಮೇಲೆ ಪೂರ್ತಿ ಕೇಳಿದೆ. ಕೃಷ್ಣ ಸಂಧಾನ. ಚೆನ್ನಾಗಿತ್ತು."

ಮಾಷ್ಟ್ರ ಮುಖ ಕರೆಂಟು ಬಂದ ಹಾಗೆ ಬೆಳಗಿತು.

"ಒಂದೂವರೆ ವೇಗದಲ್ಲಿ ಇಟ್ಟು ಕೇಳಿದೆ."

ಕರೆಂಟು ಹೋಯಿತು. "ಕೃಷ್ಣನನ್ನು ಓಡಿಸಿದೆಯಾ? ಒಂದೊಂದು ಮಾತಿನ ನಡುವೆ ಆ ಅರ್ಥಧಾರಿ ನಿಲ್ಲಿಸುವ ನಿಲುಗಡೆಗೇ ಜನ ಕೂರುವುದು!" ಎಂದು ಗುಡುಗಿದವರು, ಕೊಂಚ ತಡೆದು, "ದುರ್ಯೋಧನನ ಅರ್ಥ ಯಾರದು?" ಎಂದು ಕೇಳಿದರು. ಹುಡುಗ ಹೆಸರು ಹೇಳಿದ. ಮಾಷ್ಟ್ರು ಹಪ್ಪಳ ಮುರಿದರು. "ಅವರದ್ದಾದರೆ ಎರಡರ ವೇಗದಲ್ಲಿಯೂ ಕೇಳಬಹುದು."

ಇಷ್ಟು ಹೊತ್ತೂ ಇಬ್ರಾಯಿಚ್ಚ ಏನೋ ಲೆಕ್ಕ ಹಾಕುತ್ತಿದ್ದರು. ನನ್ನ ಅಡಿಕೆಯ ದರವಿರಬೇಕೆಂದು ನಾನು ಆಸೆಯಿಂದ ಇದ್ದೆ.

"ನಿಮ್ಮ ಆ ಹದಿನಾಲ್ಕರ ಲೆಕ್ಕ ನನಗೆ ಹೊಂದುವುದಿಲ್ಲ" ಎಂದರು ಅವರು. "ನನ್ನ ಹಾಡು ಬಂದದ್ದು ಇಪ್ಪತ್ತೆರಡಕ್ಕೆ, ದುಬೈಯಲ್ಲಿ."

1981. ಒಂದು ಕೋಣೆಯಲ್ಲಿ ಒಂಬತ್ತು ಜನ, ಒಂದೇ ಟೇಪ್ ರೆಕಾರ್ಡರ್. ಹೆಂಡತಿ ಗಂಡನಿಗೆ ಕಾಗದ ಬರೆದ ಹಾಗಿರುವ ಕತ್ತು ಪಾಟ್ಟುಗಳನ್ನು ಹಾಕಿ ಎಲ್ಲರೂ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರಂತೆ. ಬರೆಯಲು ಬಾರದ ಮನೆಯವರು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ, ಊರಿನಿಂದ ಬರುವವರ ಕೈಯಲ್ಲಿ ಕಳುಹಿಸುತ್ತಿದ್ದರು. ಇವರ ಉಮ್ಮ, ಅಂದರೆ ತಾಯಿ, ಕಳುಹಿಸಿದಾಗ ಖಾಲಿ ಕ್ಯಾಸೆಟ್ಟು ಸಿಗದೆ, ಇವರೇ ಮನೆಯಲ್ಲಿ ಬಿಟ್ಟುಬಂದಿದ್ದ ಮೊಹಮ್ಮದ್ ರಫಿಯ ಕ್ಯಾಸೆಟ್ಟಿನ ಮೇಲೆಯೇ ಇವರ ತಮ್ಮ ಆ ಮಾತನ್ನು ರೆಕಾರ್ಡ್ ಮಾಡಿದ. ಸುರುಳಿಯನ್ನು ಆರಂಭಕ್ಕೆ ತಿರುಗಿಸಲು ಮರೆತ. ಹಾಗಾಗಿ ರಫಿ ಪಲ್ಲವಿ ಹಾಡಿ, ಒಂದು ಚರಣ ಹಾಡಿ, ಎರಡನೆಯದಕ್ಕೆ ಉಸಿರೆಳೆದುಕೊಂಡಾಗ ಟಕ್ ಎಂದು ಶಬ್ದ. ಆಮೇಲೆ ಉಮ್ಮ: "ಇಬ್ರಾಯೀ, ಆಡು ಮರಿ ಹಾಕಿತು. ಎರಡು. ಒಂದಕ್ಕೆ ಹಣೆಯಲ್ಲಿ ಬಿಳಿ ಬೊಟ್ಟು."

"ಆ ಹಾಡನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕ್ಯಾಸೆಟ್ಟು ಈಗಿಲ್ಲ. ಮೊನ್ನೆ ಮಗಳು ಯೂಟ್ಯೂಬಿನಲ್ಲಿ ಹುಡುಕಿ ಹಾಕಿಕೊಟ್ಟಳು. ಬಹಳ ಸ್ವಚ್ಛವಾಗಿದೆ, ಪೂರ್ತಿ ಇದೆ. ಎರಡನೆಯ ಚರಣವನ್ನು ಮೊದಲ ಸಲ ಕೇಳಿದೆ." ಅವರು ಚಹಾದ ಲೋಟದ ತಳ ನೋಡಿದರು. "ಅದರಲ್ಲಿ ಆಡು ಇಲ್ಲ."

ಮಳೆ ಮಾಡಿನ ಮೇಲೆ ಜೋರಾಗಿ ಬಿತ್ತು. ಏನು ಹೇಳಬೇಕೆಂದು ನಮಗೆ ತಿಳಿಯಲಿಲ್ಲ. ಹುಡುಗನಿಗೆ ಮಾತ್ರ ತಿಳಿಯಿತು. "ಕೊಡಿ ಇಬ್ರಾಯಿಚ್ಚ, ಬೇರೆ ಪ್ರತಿ ಇರಬಹುದು" ಎಂದು ಅವರ ಮೊಬೈಲು ತೆಗೆದುಕೊಂಡು, ಹಾಡಿನ ಮೊದಲ ಸಾಲು, ಅದರ ಪಕ್ಕದಲ್ಲಿ 'ಆಡು' ಎಂದು ಬರೆದು ಹುಡುಕಿದ. ಮಲೆಯಾಳದಲ್ಲಿಯೂ ಆಡು ಆಡೇ, ಆದ್ದರಿಂದ ಎರಡು ಲಿಪಿಯಲ್ಲೂ ಹುಡುಕಿದ. ಸಿಗಲಿಲ್ಲ.

ವಾರದ ಮೇಲೆ ಇಬ್ರಾಯಿಚ್ಚ ಫೋನ್ ಮಾಡಿದರು. ಅವರ ಮೊಬೈಲಿನಲ್ಲಿ ಈಗ ರಫಿ ಬರುವುದಿಲ್ಲವಂತೆ. ಬೆಳಗಿನಿಂದ ಸಂಜೆಯವರೆಗೆ ಆಡು ಸಾಕಣೆ. ಮಲಬಾರಿ ಆಡಿಗೆ ಯಾವ ಸೊಪ್ಪು, ಮರಿಗೆ ಯಾವಾಗ ಹುಳದ ಮದ್ದು, ಗೂಡನ್ನು ನೆಲದಿಂದ ಎಷ್ಟು ಎತ್ತರದಲ್ಲಿ ಕಟ್ಟಬೇಕು, ಎಲ್ಲ ಬರುತ್ತದೆ.

"ತೊಂದರೆಯಾಯಿತಲ್ಲ" ಎಂದೆ.

"ತೊಂದರೆ ಏನಿಲ್ಲ. ನಿಮ್ಮ ಕಡೆ ಯಾರಾದರೂ ಮರಿ ಮಾರುವವರಿದ್ದರೆ ಹೇಳಿ. ಎರಡು ಸಾಕು."

ಅಡಿಕೆಯ ದರ ಅಂದೂ ಹೇಳಲಿಲ್ಲ.