ಪ್ಯೂರ್ ಡೇಟಾದಾಗ ತಂಬೂರಿ ಶ್ರುತಿ, ಕೆಹರವಾ ಠೇಕಾ ಮಾಡ್ಬೇಕು, ಎಲ್ಲಿಂದ ಚಾಲೂ ಮಾಡ್ಲಿ?

ಕುಷ್ಟಗಿ_ಪೇಟಿ

ಎಲ್ರಿಗೂ ನಮಸ್ಕಾರ್ರೀ. ನಂದು ಕುಷ್ಟಗಿ ತಾಲೂಕ, ಡಿಪ್ಲೊಮಾ ಮೆಕ್ಯಾನಿಕಲ್ ಓದಾಕತ್ತೀನಿ, ಕೋಡಿಂಗ್ ಅಂದ್ರ ಒಂದಕ್ಷರ ಬರಂಗಿಲ್ಲ. ಊರಾಗ ಭಜನಿ ಮೇಳದಾಗ ಪೇಟಿ (ಹಾರ್ಮೋನಿಯಂ) ಬಾರಸ್ತೀನಿ, ನಮ್ಮ ಶ್ರುತಿ ಕಪ್ಪು ಒಂದು, ಅಂದ್ರ ಪೇಟಿಯ ಮೊದಲನೇ ಕಪ್ಪು ಕೀ. ಈ ಡಬ್ಬಿ ಡಬ್ಬಿ ಇಟ್ಟು ವಾಯರ್ ಜೋಡಿಸಿ ಸೌಂಡ್ ಮಾಡೋ ಸಾಫ್ಟ್‌ವೇರ್ ಅದಾವಲ್ಲ, ಮ್ಯಾಕ್ಸ್, ಪ್ಯೂರ್ ಡೇಟಾ ಅಂತ, ಅದನ್ನ ಕಲೀಬೇಕು ಅಂತ ಭಾಳ ಆಸೆ ಐತಿ. ಯೂಟ್ಯೂಬ್ ನೋಡಿದ್ರ ಮಂದಿ ಕಣ್ಣು ಮುಚ್ಚಿ ತೆಗಿಯೋದ್ರಾಗ ಹತ್ತು ಡಬ್ಬಿ ಜೋಡಿಸಿಬಿಡ್ತಾರ, ಯಾಕ ಜೋಡಿಸಿದ್ರು ಹೇಳಂಗಿಲ್ಲ.

ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ್‍ಯಾಮ್. ಪ್ಯೂರ್ ಡೇಟಾ ಹಾಕ್ಕೊಂಡು ಆಸ್ಕ್~ (osc~, ಸೌಂಡ್ ಹುಟ್ಟಿಸೋ ಡಬ್ಬಿ) ಇಟ್ಟು ಸೌಂಡ್ ತೆಗಿದೀನಿ. ಸ ಗೆ 49, ಗ ಕ್ಕ 53, ಪ ಕ್ಕ 56 ಅಂತ ಸ್ವರದ ಮಿಡಿ ನಂಬರ್ ಕೊಟ್ಟು ಎಂಟಾಫ್‌ಗೆ (mtof) ಹಾಕಿದ್ರ ಪೇಟಿಗಂತೂ ಸರೀ ಕೂಡ್ತೈತಿ, ಆದ್ರ ನಮ್ಮ ಹಾಡೋ ಕಾಕಾ ಕೇಳಿ "ಗ ಜರಾ ಮ್ಯಾಲೈತಲ್ಲೋ" ಅಂದ. ಅದು ಹೆಂಗ? ಆಮೇಲೆ ಕೆಹರವಾ ಠೇಕಾಕ್ಕ (ಎಂಟು ಮಾತ್ರೆಯ ತಾಳ) 0 ಇಂದ 7ರ ತನಕ ಎಣಿಸಬೇಕು, ಎಣಿಸೋ ಡಬ್ಬಿ ಯಾವುದು ಅಂತ ಹುಡುಕಿದ್ರ ಸಿಗವಲ್ದು.

ಬಳ್ಳಾರಿ_ಬೇಸ್

ತಂಬೂರಿ ಆ್ಯಪ್ ಫ್ರೀಯಾಗೇ ಸಿಗ್ತಾವಲ್ಲ ಗುರು, ಸುಮ್ನೆ ಯಾಕೆ ತಲೆ ಕೆಡಿಸ್ಕೊಂತೀಯ? ಕಲೀಲೇಬೇಕು ಅಂದ್ರೆ ಪ್ಯೂರ್ ಡೇಟಾನೇ ಸಾಕು, ಮ್ಯಾಕ್ಸ್‌ಗೆ ದುಡ್ಡು ಕೊಡ್ಬೇಕು. ಎರಡಕ್ಕೂ ಮೂಲ ಒಬ್ಬನೇ, ಮಿಲ್ಲರ್ ಪಕೆಟ್ ಅಂತ, 1980ರ ದಶಕದಲ್ಲಿ ಪ್ಯಾರಿಸ್‌ನ ಇರ್ಕಾಮ್ ಅನ್ನೋ ಸಂಗೀತ ಸಂಶೋಧನಾ ಕೇಂದ್ರದಲ್ಲಿ ಮ್ಯಾಕ್ಸ್ ಮಾಡಿದ, ಆಮೇಲೆ 90ರ ದಶಕದಲ್ಲಿ ಪ್ಯೂರ್ ಡೇಟಾ ಮಾಡಿ ಫ್ರೀ ಬಿಟ್ಟ. ಒಂದು ಕಲಿತ್ರೆ ಇನ್ನೊಂದು ಮುಕ್ಕಾಲು ಪಾಲು ಬಂದಂಗೆ. 4 ಜಿಬಿ ಧಾರಾಳ ಆಯ್ತು.

ಮೊದಲು ಒಂದು ಮಾತು, ಹೆಡ್‌ಫೋನ್ ಹಾಕ್ಕೊಂಡಿದ್ರೆ ಡ್ಯಾಕ್~ (dac~, ಸೌಂಡ್ ಹೊರಗೆ ಬಿಡೋ ಡಬ್ಬಿ) ಮೇಲೆ ಯಾವಾಗ್ಲೂ ಒಂದು *~ 0.1 (ಸೌಂಡನ್ನ ಹತ್ತರಲ್ಲಿ ಒಂದು ಪಾಲಿಗೆ ಇಳಿಸೋ ಡಬ್ಬಿ) ಇಡು. ಆಸ್ಕ್~ ಅನ್ನೋದು ಮೈನಸ್ 1ರಿಂದ 1ರ ತನಕ ಫುಲ್ ಹೊಡಿತೈತೆ, ನಾಕು ಆಸ್ಕ್~ ನೇರ ಕೊಟ್ರೆ ಸೌಂಡೂ ಒಡಿತೈತೆ ಕಿವಿನೂ ಹೋಗ್ತೈತೆ.

ಕುಷ್ಟಗಿ_ಪೇಟಿ

ಆ್ಯಪ್ ಐತ್ರೀ ಅಣ್ಣಾ, ದಿನಾ ಹಚ್ತೀವಿ. ಆ ಸೌಂಡ್ ಹೆಂಗ ಆಗ್ತೈತಿ ಅನ್ನೋದ ಬೇಕಾಗೇತಿ ನನಗ.

ರಾಯಚೂರು_ಸ್ವರ

ತಮ್ಮಾ, ನಿಮ್ಮ ಕಾಕಾ ಹೇಳಿದ್ದು ಖರೇನೇ ಅದ, ಅವರ ಕಿವಿಗೆ ಒಂದು ನಮಸ್ಕಾರ. ಎಂಟಾಫ್ ಏನ್ ಮಾಡ್ತದಂದ್ರ ಸಪ್ತಕಾನ 12 ಸರಿಸಮ ಪಾಲು ಮಾಡಿ ಹರ್ಟ್ಸ್ ಕೊಡ್ತದ, 69ನೇ ನಂಬರ್ ಅಂದ್ರ 440 ಹರ್ಟ್ಸ್. ಈಗಿನ ಪೇಟಿಗಳೂ ಬಹುತೇಕ ಅದೇ ಲೆಕ್ಕದಾಗೇ ಶ್ರುತಿ ಮಾಡಿರ್ತಾವ, ಅದಕ್ಕೇ ನಿನಗ ಎರಡೂ ಕೂಡ್ತಾವ. ಆದ್ರ ತಂಬೂರಿ ಹಿಡ್ಕೊಂಡು ಹಾಡೋರ ಗ ಅಂದ್ರ ಸ ಕ್ಕ 1.25 ಪಟ್ಟು. ನಿನ್ನ ಸ 138.6 ಹರ್ಟ್ಸ್, 1.25ರಿಂದ ಗುಣಿಸಿದ್ರ 173.25 ಬರ್ತದ, ಎಂಟಾಫ್ ಕೊಡೋದು 174.6. ಒಂದೂಕಾಲು ಹರ್ಟ್ಸ್‌ಗಿಂತ ಹೆಚ್ಚಿಗೆ ಏರಿ ಕೂತದ. ಪ ದಾಗ ಫರಕ್ ಸಣ್ಣದು, 1.5 ಆಗಬೇಕಾದ್ದು 1.498 ಆಗಿರ್ತದ, ಅದನ್ನ ಯಾರೂ ಅಷ್ಟಾಗಿ ಹಿಡಿಯಂಗಿಲ್ಲ. ಆಕಾಶವಾಣಿಯವರು 1940ರಿಂದ 1971ರ ತನಕ ಪೇಟಿ ಬಂದ್ ಮಾಡಿದ್ದಕ್ಕ ಈ ಸ್ವರದ ತಕರಾರೂ ಒಂದು ಕಾರಣ. ನನ್ನ ಕೇಳಿದ್ರ ಅದು ಅತಿ ಆತು, ಭಜನಿಗೆ ಪೇಟಿ ಇಲ್ದ ಹ್ಯಾಂಗ ನಡೀತದ.

ಹಂಗಾಗಿ ನಮ್ಮ ಸಂಗೀತಕ್ಕ ಪ್ಯಾಚ್ (ಡಬ್ಬಿ ಜೋಡಿಸಿದ ಪುಟ) ಮಾಡೋವಾಗ ಎಂಟಾಫ್ ಸ ಗೆ ಮಾತ್ರ ಹಚ್ಚು, ಒಂದೇ ಒಂದು. ಉಳಿದ ಸ್ವರಕ್ಕೆಲ್ಲ ಅದರ ಕೆಳಗ ಗುಣಾಕಾರದ ಡಬ್ಬಿ ಇಡು. ಶ್ರುತಿ ಬದಲಿ ಮಾಡ್ಬೇಕಂದ್ರೂ ಒಂದೇ ನಂಬರ್ ಬದಲಿ ಮಾಡಿದ್ರ ಆತು, ಎಲ್ಲಾ ಸ್ವರ ತಾವೇ ಸರೀತಾವ. ತಂಬೂರಿಗೆ ನಾಕು ತಂತಿ: ಮಂದ್ರ ಪ ಕ್ಕ 0.75, ನಡುವಿನ ಜೋಡಿ ಸ ಗೆ 1, ಖರ್ಜಕ್ಕ (ಕೆಳಗಿನ ಸ) 0.5. ಆ ಜೋಡಿಯೊಳಗ ಒಂದಕ್ಕ 138.6, ಇನ್ನೊಂದಕ್ಕ 138.9 ಇಟ್ಟು ನೋಡು, ಮೂರು ಸೆಕೆಂಡಿಗೊಮ್ಮೆ ಏರಿ ಇಳೀತದ, ಸೌಂಡಿಗೆ ಜೀವ ಬರ್ತದ. ಆಸ್ಕ್~ ಬರೇ ಸೈನ್ ವೇವ್, ಸೀಟಿ ಹೊಡದಂಗ ಸಪ್ಪಗಿರ್ತದ, ಅದಕ್ಕ ಒಂದೊಂದು ತಂತಿಗೂ 2 ಪಟ್ಟು, 3 ಪಟ್ಟು, 4 ಪಟ್ಟು, 5 ಪಟ್ಟಿನ ಆಸ್ಕ್~ ಇನ್ನೂ ಸಣ್ಣ ವಾಲ್ಯೂಮಿನಾಗ ಕೂಡಿಸು. ಖರ್ಜ 69 ಹರ್ಟ್ಸ್ ಆಗ್ತದ, ಲ್ಯಾಪ್‌ಟಾಪ್ ಸ್ಪೀಕರಿನಾಗ ನೆಟ್ಟಗ ಕೇಳ್ಸಂಗಿಲ್ಲ, ಪ್ಯಾಚ್ ಕೆಟ್ಟದ ಅಂತ ತಿಳ್ಕೊಬ್ಯಾಡ, ಹೆಡ್‌ಫೋನ್ ಹಾಕ್ಕೊ.

ಬಳ್ಳಾರಿ_ಬೇಸ್

ಎಣಿಸೋ ಡಬ್ಬಿ ಅಂತ ರೆಡಿ ಇಲ್ಲ, ನಾವೇ ಕಟ್ಕೊಬೇಕು, ಹೊಸಬ್ರು ಸಿಕ್ಕಾಕ್ಕೊಳ್ಳೋದು ಇಲ್ಲೇ. ಮೆಟ್ರೋ (metro) 250 ಇಡು, ಅಂದ್ರೆ 250 ಮಿಲಿಸೆಕೆಂಡಿಗೊಂದು ಬ್ಯಾಂಗ್, ಅಂದ್ರೆ 'ಈಗ ಮಾಡು' ಅನ್ನೋ ಸಂದೇಶ. ಅದು ಎಫ್ (f) ಅನ್ನೋ, ನಂಬರ್ ಇಟ್ಕೊಳ್ಳೋ ಡಬ್ಬಿ ಎಡಗಡೆ ತೂತಿಗೆ ಹೋಗ್ಲಿ. ಎಫ್ ಕೆಳಗಿಂದ ಒಂದು ವಾಯರ್ + 1ಕ್ಕೆ, + 1ರಿಂದ ವಾಪಸ್ ಎಫ್‌ನ ಬಲಗಡೆ ತೂತಿಗೆ. ಬಲಗಡೆನೇ! ಎಡದ ತೂತು ಬಿಸಿ, ಅಲ್ಲಿಗೆ ಏನ್ ಬಂದ್ರೂ ಡಬ್ಬಿ ತಕ್ಷಣ ಹೊರಗೆ ಕಳಿಸ್ತೈತೆ, ಬಲದ್ದು ತಣ್ಣಂದು, ಬಂದಿದ್ದನ್ನ ಸುಮ್ನೆ ಇಟ್ಕೊಂತೈತೆ. ವಾಪಸ್ ವಾಯರ್ ಎಡಕ್ಕೆ ಕೊಟ್ರೆ ತನ್ನಷ್ಟಕ್ಕೆ ತಾನೇ ಸುತ್ತಿ ಸುತ್ತಿ ಸ್ಟ್ಯಾಕ್ ಓವರ್‌ಫ್ಲೋ ಅಂತ ಬರ್ತೈತೆ. ಎಫ್‌ನಿಂದ ಇನ್ನೊಂದು ವಾಯರ್ ಮಾಡ್ 8ಕ್ಕೆ (mod, 8ರಿಂದ ಭಾಗಿಸಿ ಉಳಿದಿದ್ದನ್ನ ಕೊಡೋ ಡಬ್ಬಿ), ಅಲ್ಲಿಂದ ಸೆಲ್ 0 1 2 3 4 5 6 7 (sel, ಬಂದ ನಂಬರ್ ನೋಡಿ ಅದರ ತೂತಿಂದ ಬ್ಯಾಂಗ್ ಬಿಡೋ ಡಬ್ಬಿ). ಎಂಟು ತೂತಿಂದ ಧಾ ಗೆ ನಾ ತಿ ನಾ ಕ ಧಿ ನಾ. ಆರು ಮಾತ್ರೆಯ ದಾದ್ರಾ ಬೇಕಂದ್ರೆ ಮಾಡ್ 6 ಮಾಡಿ ಸೆಲ್‌ನಲ್ಲಿ 5ರ ತನಕ ಇಡು. ಲಯದ ಲೆಕ್ಕ ಅಂದ್ರೆ 60000ನ್ನ ನಿಮಿಷದ ಮಾತ್ರೆಯಿಂದ ಭಾಗಿಸೋದು ಅಷ್ಟೇ.

ಇನ್ನೊಂದು, ಟಿಲ್ಡ (~) ಇರೋ ಡಬ್ಬಿ, ಇಲ್ದಿರೋ ಡಬ್ಬಿ ಬೇರೆ ಬೇರೆ ಜಾತಿ. ಟಿಲ್ಡ ವಾಯರ್ ದಪ್ಪ ಕಾಣ್ತೈತೆ, ಅದ್ರೊಳಗೆ ಸೌಂಡು ನಮ್ಮ ಕಡೆ ಕಾಲುವೆ ನೀರಿನಂಗೆ ಬಿಡದೆ ಹರಿತಾ ಇರ್ತೈತೆ. ಸಣ್ಣ ವಾಯರ್ರಲ್ಲಿ ಯಾರೋ ಕಳಿಸಿದಾಗ ಮಾತ್ರ ಒಂದು ನಂಬರ್ ಹೋಗ್ತೈತೆ. ಸೌಂಡನ್ನ ತಂದು ಸಾದಾ + ಡಬ್ಬಿಗೆ ಜೋಡಿಸೋಕೆ ಹೋದ್ರೆ ಎರರ್.

ಕುಷ್ಟಗಿ_ಪೇಟಿ

ಯಪ್ಪಾ, ಗ 1.25 ಮಾಡಿ ಕೇಳಿಸಿದೆ, ಕಾಕಾ ತಲಿ ಆಡಿಸಿದ! ಕೌಂಟರೂ ಓಡಾಕತ್ತೇತಿ. ಈಗ ತಬಲಾ ಸೌಂಡ್ ಹೆಂಗ ಹಾಕೋದು, ಮೊಬೈಲ್‌ನ್ಯಾಗ ನಮ್ಮ ತಬಲಾದವ್ರ ಬೋಲ್ ರೆಕಾರ್ಡ್ ಮಾಡ್ಕೊಂಡೀನಿ. ಇನ್ನೊಂದು, ಶ್ರುತಿ ಚಾಲೂ ಬಂದ್ ಮಾಡಿದಾಗೆಲ್ಲ ಟಪ್ ಅಂತೈತಿ.

ರಾಯಚೂರು_ಸ್ವರ

ಟಪ್ ಅನ್ನೋದು ವಾಲ್ಯೂಮ್ ಒಮ್ಮಿಗೇ ಜಿಗಿಯೋದ್ರಿಂದ. *~ದಾಗಿನ 0.1 ತೆಗದುಬಿಡು, ಅದರ ಬಲದ ತೂತಿಗೆ ಲೈನ್~ (line~) ಜೋಡಿಸು. ಮೆಸೇಜ್ ಡಬ್ಬಿಯೊಳಗ 0.1 50 ಅಂತ ಬರದು ಲೈನ್~ಗೆ ಕೊಟ್ರ 50 ಮಿಲಿಸೆಕೆಂಡಿನಾಗ ಮೆಲ್ಲಕ ಏರ್ತದ, ಬಂದ್ ಮಾಡಾಕ 0 50.

ಬೋಲ್ ಒಂದೊಂದನ್ನೂ ಆಡಾಸಿಟಿ ಅನ್ನೋ ಸೌಂಡ್ ಸಾಫ್ಟ್‌ವೇರಿನೊಳಗ ಕತ್ತರಿಸಿ ವೇವ್ ಫೈಲ್ ಮಾಡು, ಬೋಲ್ ಹೊಡೆಯೋ ಕ್ಷಣದ ಹಿಂದಿನ ಖಾಲಿ ಜಾಗ ಪೂರಾ ತೆಗೀಬೇಕು, ಇಲ್ಲಂದ್ರ ಲಯ ಹಿಂದ ಬೀಳ್ತದ. ಒಂದೊಂದು ಬೋಲಿಗೆ ಒಂದೊಂದು ಅರೇ (array, ಸೌಂಡ್ ತುಂಬಿಡೋ ಪಟ್ಟಿ) ಮಾಡಿ ಸೌಂಡ್‌ಫೈಲರ್‌ಲಿಂದ (soundfiler) ಅದರೊಳಗ ತುಂಬು, ಅದನ್ನ ಬಾರಸೋ ಟ್ಯಾಬ್‌ಪ್ಲೇ~ಗೆ (tabplay~) ಸೆಲ್‌ನ ಬ್ಯಾಂಗ್ ಕೊಡು. ಯಾವ ಡಬ್ಬಿ ತಿಳೀದಿದ್ರೂ ಅದರ ಮ್ಯಾಲ ರೈಟ್ ಕ್ಲಿಕ್ ಮಾಡಿ ಹೆಲ್ಪ್ ಒತ್ತು, ಬರೋ ಪುಟಾನೂ ಒಂದು ಪ್ಯಾಚೇ, ಅದರೊಳಗಿಂದ ಕಾಪಿ ಮಾಡ್ಕೊಬಹುದು, ನೆಟ್ ಬೇಕಾಗಂಗಿಲ್ಲ. ವಿಡಿಯೋಕ್ಕಿಂತ ಅದು ಎಷ್ಟೋ ಪಾಡು.