ಕಾಲು ಮುರಿದ ಮೇಲೆ "ನೀನು ನಮ್ಮ ಕೆಲಸದವನಲ್ಲ" ಅಂದರೆ ಎಂತ ಮಾಡುವುದು?

ಪೆರ್ಲದಕ್ಕ

ನಮಸ್ಕಾರ. ನನ್ನ ತಮ್ಮ ಎರಡು ವರ್ಷದಿಂದ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಒಂದು ಡೆಲಿವರಿ ಕಂಪನಿಯ ಹಬ್‌ನಿಂದ ಪಾರ್ಸೆಲ್ ತಂದು ಬದಿಯಡ್ಕ, ಪೆರ್ಲ ಲೈನಿನಲ್ಲಿ ಹಂಚುತ್ತಿದ್ದ. ಬೈಕು ಅವನದ್ದೇ, ಪೆಟ್ರೋಲ್ ಅವನದ್ದೇ, ಕಂಪನಿ ಹೆಸರಿನ ಟೀಶರ್ಟಿಗೂ ಅವನ ದುಡ್ಡೇ ಹಿಡಿದಿದ್ದಾರೆ. ಒಂದು ಪಾರ್ಸೆಲಿಗೆ 14 ರೂಪಾಯಿ. ಇಲ್ಲಿನ ಮನೆಗಳು ಗೊತ್ತಲ್ಲ, ವಿಳಾಸದಲ್ಲಿ ಬರೀ ಮನೆ ಹೆಸರು, ರಸ್ತೆಯಿಂದ ಅರ್ಧ ಕಿಲೋಮೀಟರ್ ಅಡಕೆ ತೋಟದ ಒಳಗೆ ಇಳಿಯಬೇಕು, ಫೋನ್ ಮಾಡಿದರೆ ರೇಂಜ್ ಇಲ್ಲ, ಕೊನೆಗೆ ಮನೆಯವರು ಸಿಕ್ಕಿ "ಬೇಡ, ವಾಪಸ್ ಕೊಂಡುಹೋಗಿ" ಅಂದರೆ ಆ 14 ರೂಪಾಯಿಯೂ ಇಲ್ಲ.

ಆಟಿಯ ಮಳೆಗೆ ಇಳಿಜಾರಿನಲ್ಲಿ ಜಾರಿ ಬಿದ್ದು ಕಾಲಿನ ಎಲುಬು ಮುರಿಯಿತು. ಮಂಗಳೂರಿಗೆ ಕರೆದುಕೊಂಡು ಹೋಗಿ ಪ್ಲೇಟ್ ಹಾಕಿಸಿದೆವು. 1.4 ಲಕ್ಷ. ಹಬ್‌ಗೆ ಫೋನ್ ಮಾಡಿದರೆ "ಅವನು ನಮ್ಮ ಕೆಲಸದವನಲ್ಲ, ಡೆಲಿವರಿ ಪಾರ್ಟ್ನರ್" ಅಂದರು. ಮೇಲಿಂದ ಒದ್ದೆಯಾದ ಆರು ಪಾರ್ಸೆಲಿನ ಹಣ ಇವನೇ ಕಟ್ಟಬೇಕಂತೆ! ಸೇರುವಾಗ ಫೋನಿನಲ್ಲಿ ಇಂಗ್ಲಿಷಿನ ಉದ್ದದ ಕರಾರು ಬಂದಿತ್ತು, ಇವನು ಓದದೆ ಒತ್ತಿದ್ದಾನೆ. ಅದರಲ್ಲಿ ಇಂಡಿಪೆಂಡೆಂಟ್ ಕಾಂಟ್ರ್ಯಾಕ್ಟರ್, ಅಂದರೆ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ ಅಂತ ಉಂಟು. ಹಾಗಾದರೆ ಕೇಳುವ ದಾರಿಯೇ ಇಲ್ಲವಾ?

ಉಪ್ಪಳ_ರೈಡರ್

ಅಕ್ಕಾ, ಬೈಕಿನ ಇನ್ಶೂರೆನ್ಸ್ ಮೇಲೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಮನೆ ಬಳಕೆಯ ಪಾಲಿಸಿಯಲ್ಲಿ ಬಾಡಿಗೆಗೆ ಸಾಮಾನು ಸಾಗಿಸಿದರೆ ಕವರ್ ಇಲ್ಲ ಅಂತ ಬರೆದಿರುತ್ತದೆ. ನನ್ನ ಕ್ಲೈಮ್ ಅದೇ ಕಾರಣಕ್ಕೆ ವಾಪಸ್ ಬಂತು. ಪಾಲಿಸಿ ಜೊತೆ ಬರುವ 15 ಲಕ್ಷದ ಅಪಘಾತ ವಿಮೆ ಸತ್ತರೆ ಅಥವಾ ಕೈಕಾಲು ಶಾಶ್ವತ ಹೋದರೆ ಮಾತ್ರ. ಆಸ್ಪತ್ರೆ ಬಿಲ್ಲಿಗೆ ಅದು ಆಗುವುದಿಲ್ಲ.

ಇನ್ನೊಂದು, ಗುತ್ತಿಗೆದಾರ ಅಂತ ತಮ್ಮನ ಪೇಮೆಂಟಿನಲ್ಲಿ 1% ಟಿಡಿಎಸ್ (ಮೊದಲೇ ಕಡಿಯುವ ಆದಾಯ ತೆರಿಗೆ) ಹಿಡಿದಿರಬಹುದು. ಅವನ ಆದಾಯಕ್ಕೆ ತೆರಿಗೆ ಬೀಳದಿದ್ದರೆ, ರಿಟರ್ನ್ ಹಾಕಿದಾಗ ಅದು ವಾಪಸ್ ಬರುತ್ತದೆ. ಸಣ್ಣ ಮೊತ್ತವೇ, ಆದರೆ ಅವನದ್ದಲ್ವಾ.

ಕರಿಕೋಟು

ಕರಾರಿನಲ್ಲಿ ಎಂತ ಹೆಸರಿಟ್ಟಿದ್ದಾರೆ ಎಂಬುದೊಂದೇ ನೋಡಿ ಕೋರ್ಟು ತೀರ್ಮಾನ ಮಾಡುವುದಿಲ್ಲ. ಕೆಲಸ ನಡೆಯುವ ರೀತಿ ನೋಡುತ್ತದೆ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಪೀಸ್ ಲೆಕ್ಕದಲ್ಲಿ ಹೊಲಿಯುವ ಟೈಲರುಗಳೂ ಅಂಗಡಿಯ ನೌಕರರೇ ಅಂದಿತ್ತು. ಆದರೆ ಅಲ್ಲಿ ಮಿಷನ್ ಅಂಗಡಿಯದ್ದು, ಇಲ್ಲಿ ಬೈಕು ತಮ್ಮನದ್ದು. ಎದುರಿನವರು ಅದನ್ನೇ ಹಿಡಿಯುತ್ತಾರೆ.

ಅಮೆರಿಕದಲ್ಲಿ ಫೆಡೆಕ್ಸ್ ಗ್ರೌಂಡ್ ಎಂಬ ಪಾರ್ಸೆಲ್ ಕಂಪನಿಯ ಕೇಸು ಇದಕ್ಕೆ ಹತ್ತಿರ. ವ್ಯಾನು ಡ್ರೈವರುಗಳದ್ದೇ, ಕಾಗದದಲ್ಲಿ ಅವರು ಕಾಂಟ್ರ್ಯಾಕ್ಟರುಗಳೇ. ಆದರೆ ವ್ಯಾನಿನ ಬಣ್ಣ, ಒಳಗಿನ ಶೆಲ್ಫಿನ ಅಳತೆ, ಡ್ರೈವರ್ ಯಾವ ಬಟ್ಟೆ ಹಾಕಬೇಕು ಎಲ್ಲ ಕಂಪನಿ ಹೇಳಿದ ಹಾಗೆ. 2014ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು ಕ್ಯಾಲಿಫೋರ್ನಿಯಾದ ಆ ಡ್ರೈವರುಗಳು ನೌಕರರೇ ಅಂದಿತು, ಮರುವರ್ಷ ಕಂಪನಿ 22.8 ಕೋಟಿ ಡಾಲರಿಗೆ ರಾಜಿಗೆ ಬಂತು. 2023ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಡೆಲಿವರೂ ಎಂಬ ಊಟ ತಲುಪಿಸುವ ಕಂಪನಿಯ ರೈಡರುಗಳ ವಿಷಯದಲ್ಲಿ ಉಲ್ಟಾ ಹೇಳಿತು. ಅವರು ತಮ್ಮ ಬದಲು ಬೇರೆಯವರನ್ನು ಕಳಿಸಬಹುದಿತ್ತು, ಅದು ದೊಡ್ಡ ಕಾರಣ.

ಹಾಗಾಗಿ ಅಕ್ಕಾ, ತಮ್ಮನಿಗೆ ಇದನ್ನು ಕೇಳಿ. ಒಂದು ದಿನ ಅವನ ಬದಲು ಬೇರೆಯವನು ಹೋಗಬಹುದಿತ್ತಾ?

ನಮ್ಮ ದೇಶದ ಹೊಸ ಸಾಮಾಜಿಕ ಭದ್ರತಾ ಸಂಹಿತೆ 2025 ನವೆಂಬರ್ 21ರಿಂದ ಜಾರಿಯಲ್ಲಿ ಉಂಟು. ಅದು ಗಿಗ್ ಕೆಲಸಗಾರರನ್ನು, ಅಂದರೆ ತಮ್ಮನ ಹಾಗೆ ತುಂಡು ಕೆಲಸದ ಲೆಕ್ಕದಲ್ಲಿ ದುಡಿಯುವವರನ್ನು, ಮಾಲೀಕ-ನೌಕರ ಸಂಬಂಧದ ಹೊರಗೆ ದುಡಿಯುವವರು ಅಂತಲೇ ಕರೆಯುತ್ತದೆ. ಕಂಪನಿಗಳು ವರ್ಷದ ವಹಿವಾಟಿನ 1ರಿಂದ 2% ಒಂದು ನಿಧಿಗೆ ಹಾಕಬೇಕು. ನೌಕರನಿಗೆ ಸಿಗುವ ಪಿಎಫ್, ಇಎಸ್‌ಐ ಇದರಿಂದ ತಾನಾಗಿ ಬರುವುದಿಲ್ಲ. ನನಗೆ ಕೇಳಿದರೆ ಇದು ಅರ್ಧ ಬಾಗಿಲು ತೆರೆದು ನಿಲ್ಲಿಸಿದ ಹಾಗೆ. ಆದರೂ ಅಕ್ಷಯ ಕೇಂದ್ರಕ್ಕೆ (ಕೇರಳದ ಸರ್ಕಾರಿ ಆನ್ಲೈನ್ ಸೇವೆಯ ಕೇಂದ್ರ) ಹೋಗಿ, ಅಸಂಘಟಿತ ಕೆಲಸಗಾರರ ಸರ್ಕಾರಿ ನೋಂದಣಿ ಇ-ಶ್ರಮದಲ್ಲಿ ಹೆಸರು ಹಾಕಿಸಿ.

ಹಬ್_ನಡೆಸುವವ

ಎಲ್ಲರೂ ಹಬ್‌ನವನಿಗೇ ಬೈಯುತ್ತೀರಿ ಮಾರಾಯ್ರೆ. ನಾನು ಬೇರೆ ಕಡೆ ಒಂದು ಹಬ್ ನೋಡಿಕೊಳ್ಳುತ್ತೇನೆ. ನನಗೂ ಪಾರ್ಸೆಲ್ ಲೆಕ್ಕದಲ್ಲೇ ದುಡ್ಡು. ಶೆಡ್ಡಿನ ಬಾಡಿಗೆ, ಕರೆಂಟು, ಕಾಣೆಯಾದ ಪಾರ್ಸೆಲಿನ ದಂಡ ಎಲ್ಲ ನನ್ನ ತಲೆಗೆ. ನಾನೂ ಒಬ್ಬ ಕಾಂಟ್ರ್ಯಾಕ್ಟರೇ! ಮಳೆಗಾಲದಲ್ಲಿ ಇಬ್ಬರು ಬಿದ್ದರೆ ಇಬ್ಬರ ಆಸ್ಪತ್ರೆ ಬಿಲ್ಲು ಕಟ್ಟುವ ತಾಕತ್ತು ನನಗಿಲ್ಲ. ಆದರೆ ಕಾಲು ಮುರಿದವನ ಹತ್ತಿರ ಒದ್ದೆ ಪಾರ್ಸೆಲಿನ ಹಣ ಕೇಳಿದ್ದು ತಪ್ಪು, ಅದನ್ನು ನಾನೂ ಒಪ್ಪುತ್ತೇನೆ.

ಒಂದು ಮಾತು, ಕೆಲವು ಕಂಪನಿಗಳು ರೈಡರುಗಳ ಹೆಸರಿನಲ್ಲಿ ಗುಂಪು ಅಪಘಾತ ವಿಮೆ ಮಾಡಿರುತ್ತವೆ, ಹೇಳುವುದಿಲ್ಲ ಅಷ್ಟೇ. ಹಬ್ ಬಿಡಿ, ಆ್ಯಪಿನ ಸಹಾಯದ ಪುಟದಲ್ಲೇ ಬರಹದಲ್ಲಿ ಕೇಳಿ.

ಮಂಜೇಶ್ವರ_ಟು_ಕುಡ್ಲ

ತಲಪಾಡಿ ದಾಟಿ ಮಂಗಳೂರಿನಲ್ಲಿ ಓಡಿಸುವವರಿಗೆ ಮಾತ್ರ ಇದು. ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕೆಲಸಗಾರರ ಕಾಯ್ದೆ ಆಗಿದೆ. ಒಂದೊಂದು ಕೆಲಸಕ್ಕೆ ಕೊಡುವ ಹಣದ ಮೇಲೆ ಕಂಪನಿ 1ರಿಂದ 5% ಕಲ್ಯಾಣ ನಿಧಿಗೆ ಕಟ್ಟಬೇಕು. ಪೆರ್ಲದಿಂದ ಸಾರಡ್ಕ ಗಡಿಗೆ ಸ್ವಲ್ಪವೇ ದೂರ, ಆದರೂ ಅಕ್ಕನ ತಮ್ಮನಿಗೆ ಅದು ತಾಗುವುದಿಲ್ಲ, ನಾವು ಗಡಿಯವರ ಹಣೆಬರಹವೇ ಹೀಗೆ.

ಪೆರ್ಲದಕ್ಕ

ಎಲ್ಲರಿಗೂ ಥ್ಯಾಂಕ್ಸ್. ಕರಿಕೋಟಿನವರ ಪ್ರಶ್ನೆ ತಮ್ಮನಿಗೆ ಕೇಳಿದೆ. ಕಳೆದ ವರ್ಷ ಜ್ವರ ಬಂದಾಗ ದೊಡ್ಡಪ್ಪನ ಮಗನನ್ನು ಕಳಿಸಿದ್ದನಂತೆ. ಆ್ಯಪಿಗೆ ಕೊಡಬೇಕಾದ ಸೆಲ್ಫಿಯಲ್ಲಿ ಮುಖ ಬೇರೆ ಕಂಡದ್ದಕ್ಕೆ ಐಡಿ ಎರಡು ದಿನ ಬ್ಲಾಕ್! ಆ ಮೆಸೇಜ್ ಫೋನಿನಲ್ಲಿ ಈಗಲೂ ಉಂಟು. ಬೆಳಗ್ಗೆ 7ಕ್ಕೆ ಹಬ್‌ಗೆ ಬರದಿದ್ದರೆ ಲೈನ್ ಬೇರೆಯವರಿಗೆ ಅಂತ ಗ್ರೂಪಿನಲ್ಲಿ ಹಾಕಿದ ವಾಯ್ಸ್ ಕೂಡ ಉಂಟು. ವಿದ್ಯಾನಗರದ ಲೇಬರ್ ಆಫೀಸಿಗೆ ಸೋಮವಾರ ಹೋಗುತ್ತೇನೆ. ಅರ್ಜಿ ಮಲಯಾಳದಲ್ಲೇ ಬರೆಯಬೇಕಾ? ನನಗೆ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ.

ಕರಿಕೋಟು

ಆ ಬ್ಲಾಕಿನ ಮೆಸೇಜೇ ನಿಮ್ಮ ಒಳ್ಳೆಯ ಸಾಕ್ಷಿ, ಬದಲು ಬೇರೆಯವನನ್ನು ಕಳಿಸಲು ಕಂಪನಿ ಬಿಡಲಿಲ್ಲ ಅಂತ ಅದು ತೋರಿಸುತ್ತದೆ. ಫೋನ್ ಹಾಳಾಗುವ ಮೊದಲು ಸ್ಕ್ರೀನ್‌ಶಾಟ್ ತೆಗೆದು ನಿಮಗೇ ಕಳಿಸಿಕೊಳ್ಳಿ. ಒದ್ದೆ ಪಾರ್ಸೆಲಿನ ಹಣ ಈಗಲೇ ಕಟ್ಟಬೇಡಿ, ಹೊಸ ಕಾಗದ ತಂದರೆ ಸಹಿಯೂ ಹಾಕಬೇಡಿ. ಅರ್ಜಿ ಕನ್ನಡದಲ್ಲೇ ಬರೆಯಿರಿ, ಕಾಸರಗೋಡಿನ ಕನ್ನಡಿಗರು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು ಅಂತ ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯಲ್ಲೇ ಉಂಟು. "ತರ್ಜುಮೆ ಮಾಡಿ ತನ್ನಿ" ಅಂದರೆ ಇದನ್ನು ಹೇಳಿ. ಎರಡು ಪ್ರತಿ ಕೊಂಡುಹೋಗಿ, ಒಂದರ ಮೇಲೆ ಸೀಲ್ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.