ಎಸ್‌ಎಫ್‌ಟಿಪಿ ಸರ್ವರ್‌ನಲ್ಲಿರುವ ಮಳೆಮಾಪಕದ ಫೈಲುಗಳನ್ನು ಗ್ರಫಾನಾ ಡ್ಯಾಶ್‌ಬೋರ್ಡ್‌ನಲ್ಲಿ ತೋರಿಸುವುದು ಹೇಗೆ?

ಪ್ರಶ್ನೆ: ತೀರ್ಥಹಳ್ಳಿಯ ಬೆಳೆಗಾರ

ನಮಸ್ಕಾರ. ತೀರ್ಥಹಳ್ಳಿ ಮತ್ತು ಹೊಸನಗರ ತಾಲ್ಲೂಕುಗಳಲ್ಲಿ ಅಡಿಕೆ ತೋಟವಿರುವ ನಾವು ಕೆಲವರು ಸೇರಿ ಸ್ವಯಂಚಾಲಿತ ಮಳೆಮಾಪಕಗಳನ್ನು ಹಾಕಿಸಿಕೊಂಡಿದ್ದೇವೆ. ಪ್ರತಿ ಮಾಪಕದ ಲಾಗರ್ 15 ನಿಮಿಷಕ್ಕೊಂದು ಸಾಲು ಬರೆದಿಟ್ಟುಕೊಂಡು, ಸಿಗ್ನಲ್ ಸಿಕ್ಕಾಗಲೆಲ್ಲ ಆ ದಿನದ ಸಿಎಸ್‌ವಿ ಫೈಲನ್ನು ಶಿವಮೊಗ್ಗದಲ್ಲಿರುವ ಲಿನಕ್ಸ್ ಸರ್ವರ್‌ಗೆ ಫೈಲುಗಳನ್ನು ಸುರಕ್ಷಿತವಾಗಿ ಸಾಗಿಸುವ ಎಸ್‌ಎಫ್‌ಟಿಪಿ ವಿಧಾನದ ಮೂಲಕ ಕಳುಹಿಸುತ್ತದೆ. ಫೈಲಿನ ಒಂದು ಸಾಲು ಹೀಗಿರುತ್ತದೆ: 03, 14-07-2025 08:30, 1.4. ಅಂದರೆ ಮೂರನೆಯ ಮಾಪಕದಲ್ಲಿ, ಎಂಟೂವರೆಗೆ ಮುಗಿದ ಕಾಲು ಗಂಟೆಯಲ್ಲಿ, 1.4 ಮಿಲಿಮೀಟರ್ ಮಳೆ.

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ ಮತ್ತು ಸುಣ್ಣದ ಔಷಧಿ) ಹೊಡೆಯಲು ಮಳೆ ಹೊಳವಾಗುವುದನ್ನೇ ಕಾಯಬೇಕಾದ್ದರಿಂದ, ಯಾವ ತೋಟದಲ್ಲಿ ಮಳೆ ನಿಂತು ಎಷ್ಟು ಹೊತ್ತಾಯಿತು ಎಂಬುದು ಎಲ್ಲರ ಮೊಬೈಲಿನಲ್ಲೂ ಕಾಣಬೇಕೆಂಬುದು ನಮ್ಮ ಆಸೆ. ಆದರೆ ಅಂಕಿಗಳನ್ನು ನಕ್ಷೆಗಳಾಗಿ ಪರದೆಯಲ್ಲಿ ತೋರಿಸುವ ಗ್ರಫಾನಾ ತಂತ್ರಾಂಶದ ಡೇಟಾ ಮೂಲಗಳ ಪಟ್ಟಿಯಲ್ಲಿ ಎಸ್‌ಎಫ್‌ಟಿಪಿ ಸಿಗುತ್ತಿಲ್ಲ. ಫೈಲುಗಳನ್ನು ಎಲ್ಲರಿಗೂ ತೆರೆದಿರುವ ವೆಬ್ ಫೋಲ್ಡರ್‌ನಲ್ಲಿಟ್ಟು ಗ್ರಫಾನಾಕ್ಕೆ ಸೇರಿಸುವ ಇನ್ಫಿನಿಟಿ ಪ್ಲಗಿನ್‌ನಿಂದ ಓದಿಸಿ ಎಂದು ಪರಿಚಯದವರೊಬ್ಬರು ಹೇಳುತ್ತಾರೆ. ಇದು ಸರಿಯಾದ ದಾರಿಯೇ?

ಉತ್ತರ 1: ಶಿವಮೊಗ್ಗದಿಂದ

ಇನ್ಫಿನಿಟಿ ಪ್ಲಗಿನ್ ಸಿಎಸ್‌ವಿಯನ್ನು ಓದುತ್ತದೆ ಎಂಬುದು ನಿಜ, ಆದರೂ ಆ ದಾರಿಯನ್ನು ನಾನು ಹೇಳುವುದಿಲ್ಲ. ಗ್ರಫಾನಾ ದತ್ತಾಂಶವನ್ನು ತನ್ನಲ್ಲಿ ಕೂಡಿಟ್ಟುಕೊಳ್ಳದೆ, ಪರದೆ ತಾಜಾ ಆದಾಗಲೆಲ್ಲ ಮೂಲವನ್ನೇ ಮತ್ತೆ ಕೇಳುತ್ತದೆ. ಮೂಲ ಬರಿಯ ಫೈಲಾಗಿದ್ದರೆ, 'ಮೂರನೆಯ ಮಾಪಕದ ನಿನ್ನೆಯ ಮೊತ್ತ ಎಷ್ಟು' ಎಂಬ ಸಣ್ಣ ಪ್ರಶ್ನೆಗೂ ಇಡೀ ಫೈಲನ್ನು ತರಿಸಿಕೊಂಡು ಕೂಡಬೇಕಾಗುತ್ತದೆ. ಮಳೆಗಾಲ ಮುಗಿಯುವಷ್ಟರಲ್ಲಿ ಪರದೆ ಕುಂಟತೊಡಗುತ್ತದೆ. ತೆರೆದ ಫೋಲ್ಡರ್ ಅಂತೂ ಬೇಡವೇ ಬೇಡ.

ನಡುವೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಡಿ. ಗ್ರಫಾನಾ ಇರುವ ಯಂತ್ರದಿಂದ ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ನಡೆಸುವ ಲಿನಕ್ಸ್ ಸೌಲಭ್ಯ) ಮೂಲಕ 15 ನಿಮಿಷಕ್ಕೊಮ್ಮೆ ಹೊಸ ಫೈಲುಗಳನ್ನು ಎಳೆದುಕೊಳ್ಳಿ. ಸರ್ವರ್‌ನಲ್ಲಿ ನಿಮಗೆ ಶೆಲ್ (ಆದೇಶಗಳನ್ನು ಟೈಪು ಮಾಡಿ ನಡೆಸುವ ಅವಕಾಶ) ಇದ್ದರೆ ಫೈಲು ನಕಲಿಸುವ ಆರ್‌ಸಿಂಕ್ ಸಾಕು. ಎಸ್‌ಎಫ್‌ಟಿಪಿಗಷ್ಟೇ ಸೀಮಿತವಾದ ಖಾತೆಯಾಗಿದ್ದರೆ ಆರ್‌ಸಿಂಕ್ ನಡೆಯದು, ಆರ್‌ಕ್ಲೋನ್ ಬಳಸಬೇಕು. ಎರಡೂ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೇಲೆಯೇ, ಸಾಮಾನ್ಯವಾಗಿ 22ನೆಯ ಪೋರ್ಟ್‌ನಲ್ಲಿ, ನಡೆಯುವುದರಿಂದ ಪಾಸ್‌ವರ್ಡಿನ ಬದಲು ಕೀ ಮಾಡಿಸಿ, ಆ ಖಾತೆಗೆ ಓದುವ ಅನುಮತಿಯನ್ನಷ್ಟೇ ಕೊಡಿ.

ಹೆಚ್ಚು ಗಮನ ಬೇಕಾಗಿರುವುದು ಫೈಲನ್ನು ಟೇಬಲ್ಲಿಗೆ ತುಂಬುವ ಹಂತದಲ್ಲಿ. ನಿಮ್ಮ ಲಾಗರ್ ದಿನದ ಫೈಲನ್ನೇ ಮತ್ತೆ ಮತ್ತೆ ಕಳುಹಿಸುವುದರಿಂದ ಬೆಳಗಿನ ಸಾಲುಗಳು ಸಂಜೆಯ ಫೈಲಿನಲ್ಲೂ ಇರುತ್ತವೆ. ಹಾಗೆಯೇ ಸೇರಿಸುತ್ತ ಹೋದರೆ ಆಗುಂಬೆಗಿಂತ ಹೆಚ್ಚು ಮಳೆ ನಿಮ್ಮ ತೋಟದಲ್ಲೇ ಬಿದ್ದಂತೆ ಕಾಣುತ್ತದೆ. ಮಾಪಕದ ಸಂಖ್ಯೆ ಮತ್ತು ಸಮಯ ಎರಡನ್ನೂ ಸೇರಿಸಿ ಪ್ರೈಮರಿ ಕೀ (ಒಂದೇ ಸಾಲು ಎರಡು ಬಾರಿ ಸೇರದಂತೆ ತಡೆಯುವ ಗುರುತು) ಮಾಡಿ, ಫೈಲನ್ನು ಮೊದಲು ಕಾಪಿ ಆದೇಶದಿಂದ ತಾತ್ಕಾಲಿಕ ಟೇಬಲ್ಲಿಗೆ ಸುರಿದು, ಅಲ್ಲಿಂದ, ಅದೇ ಕೀ ಮೊದಲೇ ಇದ್ದರೆ ಏನು ಮಾಡಬೇಕೆಂದು ಹೇಳುವ 'ಆನ್ ಕಾನ್‌ಫ್ಲಿಕ್ಟ್' ಷರತ್ತಿನೊಡನೆ ಮುಖ್ಯ ಟೇಬಲ್ಲಿಗೆ ಸೇರಿಸಿ. ಸಿಗ್ನಲ್ ನಡುವೆಯೇ ಕಡಿದು ಅರ್ಧ ಬಂದ ಫೈಲುಗಳೂ ಇರುತ್ತವೆ. ಕಳೆದ ಐದು ನಿಮಿಷದಲ್ಲಿ ಬದಲಾಗಿರುವ ಫೈಲನ್ನು ಆ ಸರದಿಯಲ್ಲಿ ಮುಟ್ಟದಿರುವುದು ಸುಲಭವಾದ ಉಪಾಯ.

ಉತ್ತರ 2: ಸಾಗರದಿಂದ

ಮೇಲಿನವರು ಹೇಳಿದ್ದು ಸರಿಯಾದರೂ, ನೋಡುವವರು ಒಬ್ಬಿಬ್ಬರೇ ಆಗಿದ್ದರೆ ಇಷ್ಟೆಲ್ಲ ಬೇಕಿಲ್ಲ. ವಿನ್‌ಎಸ್‌ಸಿಪಿ ಎಂಬ ಎಸ್‌ಎಫ್‌ಟಿಪಿ ತಂತ್ರಾಂಶದಿಂದ ಫೈಲುಗಳನ್ನು ವಿಂಡೋಸ್ ಕಂಪ್ಯೂಟರಿನ ಒಂದು ಫೋಲ್ಡರಿಗೆ ಇಳಿಸಿಕೊಂಡರೆ, ಮೈಕ್ರೋಸಾಫ್ಟ್‌ನ ವರದಿ ತಂತ್ರಾಂಶವಾದ ಪವರ್ ಬಿಐ ಡೆಸ್ಕ್‌ಟಾಪ್ ಆ ಫೋಲ್ಡರಿನ ಎಲ್ಲ ಸಿಎಸ್‌ವಿಗಳನ್ನೂ ಒಂದೇ ಟೇಬಲ್ ಆಗಿ ಜೋಡಿಸಿಕೊಳ್ಳುತ್ತದೆ. ಲೊಕೇಲನ್ನು (ದಿನಾಂಕ ಓದುವ ಪ್ರಾದೇಶಿಕ ಕ್ರಮವನ್ನು) ಭಾರತಕ್ಕೆ ಹೊಂದಿಸುವುದನ್ನು ಮರೆಯಬೇಡಿ. ಇಲ್ಲವಾದರೆ 03-07 ಎಂಬುದು ಜುಲೈ 3ರ ಬದಲು ಮಾರ್ಚ್ 7 ಆಗಿಬಿಡಬಹುದು. ಆದರೆ ಎಲ್ಲರ ಮೊಬೈಲಿಗೂ ತಲುಪಿಸಲು ಅದನ್ನು ಪವರ್ ಬಿಐ ಸೇವೆಗೆ ಏರಿಸಿ ತಾನಾಗಿಯೇ ತಾಜಾ ಆಗುವಂತೆ ಮಾಡಬೇಕಿದ್ದರೆ, ನಿಮ್ಮ ಕಡೆ ಗೇಟ್‌ವೇ ತಂತ್ರಾಂಶ ಹಾಕಿ ಆ ಕಂಪ್ಯೂಟರನ್ನು ಚಾಲೂ ಇಟ್ಟಿರಬೇಕು. ಆಷಾಢದಲ್ಲಿ ನಮ್ಮ ಕಡೆಯ ಕರೆಂಟಿನ ಹಣೆಬರಹ ನಿಮಗೂ ಗೊತ್ತಿದೆಯಲ್ಲ.

ತೀರ್ಥಹಳ್ಳಿಯ ಬೆಳೆಗಾರ

ಇಬ್ಬರಿಗೂ ಧನ್ಯವಾದಗಳು. ನೋಡುವವರು ಹಲವರಿರುವುದರಿಂದ ಡೇಟಾಬೇಸಿನ ದಾರಿಯನ್ನೇ ಹಿಡಿದೆವು, ಸಾಲುಗಳು ಬರುತ್ತಿವೆ. ಎರಡು ತೊಡಕುಗಳು ಉಳಿದಿವೆ. ನಮ್ಮ ದಿನದ ಮೊತ್ತ ಹವಾಮಾನ ಇಲಾಖೆಯ ಹತ್ತಿರದ ಕೇಂದ್ರದ ಅಂಕಿಗೆ ಏನೇನೂ ಹೊಂದುವುದಿಲ್ಲ. ನುಡಿ ತಂತ್ರಾಂಶದಲ್ಲಿ ಟೈಪು ಮಾಡಿದ್ದ ತೋಟಗಳ ಹೆಸರುಗಳು ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ.

ಉತ್ತರ 3: ಶಿವಮೊಗ್ಗದಿಂದ

ಹೆಸರಿನದು ಚಿಕ್ಕ ವಿಷಯ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇದ್ದಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತದೆ. ಹೆಸರುಗಳನ್ನು ಒಮ್ಮೆ ಯೂನಿಕೋಡ್‌ಗೆ ಪರಿವರ್ತಿಸಿ, ಬೇರೆಯೇ ಟೇಬಲ್ಲಿನಲ್ಲಿ ಮಾಪಕದ ಸಂಖ್ಯೆಯೊಡನೆ ಇಟ್ಟುಬಿಡಿ.

ಮೊತ್ತದ ವಿಷಯ ಬೇರೆ. ಇಲಾಖೆಯ ಮಳೆದಿನ ಮಧ್ಯರಾತ್ರಿಯಲ್ಲಿ ಬದಲಾಗದೆ ಬೆಳಿಗ್ಗೆ 8:30ಕ್ಕೆ ಬದಲಾಗುತ್ತದೆ. ಹಿಂದಿನ 24 ಗಂಟೆಗಳ ಮಳೆಯನ್ನು ಅಳೆದ ದಿನದ ಹೆಸರಿಗೆ ಬರೆಯುತ್ತಾರೆ. ಅಲ್ಲದೆ ನಿಮ್ಮ ಲಾಗರ್ ಸಮಯವಲಯವನ್ನು ನಮೂದಿಸುತ್ತಿಲ್ಲ, ಆದ್ದರಿಂದ ಗ್ರಫಾನಾ ಅದನ್ನು ಯುಟಿಸಿ (ಜಾಗತಿಕ ಪ್ರಮಾಣ ಸಮಯ) ಎಂದೇ ಎಣಿಸಿ ಮೊಬೈಲಿನಲ್ಲಿ ಐದೂವರೆ ಗಂಟೆ ಮುಂದೆ ತೋರಿಸುತ್ತಿರಬಹುದು. ತುಂಬುವಾಗಲೇ ಭಾರತೀಯ ಸಮಯವೆಂದು ಗುರುತಿಸಿ, ಸಮಯವಲಯವಿರುವ ಕಾಲಮ್ಮಿನಲ್ಲಿಡಿ. ನಿಮ್ಮ ಸಾಲಿನ ಸಮಯ ಕಾಲು ಗಂಟೆಯ ಕೊನೆಯನ್ನು ಸೂಚಿಸುವುದರಿಂದ 08:30ರ ಸಾಲು ಮುಗಿಯುತ್ತಿರುವ ದಿನಕ್ಕೇ ಸೇರಬೇಕು, 08:45ರದು ಹೊಸ ದಿನದ ಮೊದಲ ಸಾಲು.

ನೀವು ಕೇಳದೆ ಇರುವ ಇನ್ನೊಂದು ಮಾತನ್ನು ಹೇಳಲೇಬೇಕು. ಮಳೆ ಇಲ್ಲದಾಗ ಲಾಗರ್ 0.0 ಎಂದು ಬರೆಯುವಂತೆ ನೋಡಿಕೊಳ್ಳಿ, ಸಾಲೇ ಬಾರದಿದ್ದಲ್ಲಿ ಗ್ರಫಾನಾ ಸೊನ್ನೆ ತುಂಬದಂತೆಯೂ ಎರಡು ಬಿಂದುಗಳನ್ನು ಗೆರೆಯಿಂದ ಜೋಡಿಸದಂತೆಯೂ ಹೊಂದಿಸಿ. ಜಡಿಮಳೆಯಲ್ಲಿ ಟವರ್ ಬಿದ್ದು ಸಾಲುಗಳು ನಿಂತಾಗ, ಪರದೆ 'ಮಳೆ ನಿಂತು ಆರು ಗಂಟೆ' ಎಂದು ತೋರಿಸಿದರೆ ಮರವೇರಿ ಔಷಧಿ ಹೊಡೆಯುವ ಕೊನೆಗಾರರನ್ನು ಕರೆಸಿ ಔಷಧಿ ಕಲಸಿದವರ ಮೈಲುತುತ್ತವೂ ಕೂಲಿಯೂ ನೀರುಪಾಲು. ಪ್ರತಿ ತೋಟದ ಅಂಕಿಯ ಪಕ್ಕದಲ್ಲಿಯೇ ಕೊನೆಯ ಸಾಲು ಬಂದ ಸಮಯವನ್ನು ತೋರಿಸಿ, ಅದು ಒಂದು ಗಂಟೆಗಿಂತ ಹಳೆಯದಾದರೆ ಇಡೀ ಚೌಕ ಬೂದುಬಣ್ಣಕ್ಕೆ ತಿರುಗುವಂತೆ ಮಾಡಿ.